ಕಡಲ ಕಡೆಯ ಕೋಣೆ

ತಂಗಿಯ ಗಂಡನಿಗೆ ನಾನು ಇಟ್ಟಿರುವ ಹೆಸರು ಸೀವ್ಯೂ. ಕಡಲ ಪಕ್ಕದ ಎತ್ತರದ ಬಂಡೆಯ ಅಂಚಿನಲ್ಲಿ ಅವನು ಕಟ್ಟಿಸಿದ ಲಾಡ್ಜಿನ ಬೋರ್ಡಿನ ಮೇಲೆ ಅದನ್ನು ಬಿಟ್ಟರೆ ಬೇರೇನೂ ಬರೆದಿಲ್ಲ, ಅವನ ತಲೆಯಲ್ಲೂ ಬೇರೇನೂ ಇಲ್ಲ. ನಾನು ಭೂಗೋಳ ಹೇಳಿಕೊಟ್ಟೇ ಕೂದಲು ಬೆಳ್ಳಗೆ ಮಾಡಿಕೊಂಡ ಟೀಚರು. ಅಲೆ ಬಂಡೆಯ ತಲೆಗೆ ಹೊಡೆಯುವುದಿಲ್ಲ, ಕಾಲಿಗೆ ಹೊಡೆಯುತ್ತದೆ. ಬುಡದಲ್ಲಿ ಗುಳಿ ಬೀಳುತ್ತದೆ, ಗುಳಿ ಒಳಒಳಗೆ ಹೋಗುತ್ತದೆ, ಮೇಲಿನ ಭಾಗ ಆಧಾರವಿಲ್ಲದೆ ಚಾಚಿಕೊಂಡು ನಿಂತು ಒಂದು ದಿನ ಕುಸಿಯುತ್ತದೆ. ಇಷ್ಟನ್ನು ಕೊನೆಯ ಬೆಂಚಿನಲ್ಲಿ ತೂಕಡಿಸುವವರ ತಲೆಗೂ ತುಂಬಿದ್ದೇನೆ. ನಮ್ಮ ಮನೆಯವರ ತಲೆಗೆ ಮಾತ್ರ ಹೋಗಲಿಲ್ಲ.

ಸೀವ್ಯೂ ಒಬ್ಬನೇ ಕಡಲಿಗೆ ಬೀಳುವುದಾಗಿದ್ದರೆ ನಾನು ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಆದರೆ ಲಾಡ್ಜಿನ ತೀರಾ ಕೊನೆಯ ಕೋಣೆಯಲ್ಲಿ, ಕಿಟಕಿ ತೆರೆದರೆ ಬರೀ ನೀರು ಕಾಣುವ ಜಾಗದಲ್ಲಿ, ನಮ್ಮಮ್ಮ ಇದ್ದಳು.

ಒಂದು ಭಾನುವಾರ ನೀರು ಇಳಿದಾಗ ಬಂಡೆಯ ಬುಡಕ್ಕೆ ಹೋಗಿ ನೋಡಿದೆ. ಗುಳಿಯೊಳಗೆ ಕೊಡೆ ಬಿಚ್ಚಿಕೊಂಡು ಆರಾಮಾಗಿ ನಿಲ್ಲಬಹುದಿತ್ತು. ಮೇಲೆ ಬಂದು ಅಮ್ಮನ ಕೋಣೆಯ ಚಾಪೆ ಎತ್ತಿದರೆ ನೆಲದ ಉದ್ದಕ್ಕೂ ಬಿರುಕು. ಬಿರುಕಿನ ಆಚೆಗೂ ಈಚೆಗೂ ಅಂಟುವ ಹಾಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿದೆ. ಬಿರುಕು ಅಗಲವಾದರೆ ಪಟ್ಟಿ ಹರಿಯಬೇಕು. ಮುಂದಿನ ಭಾನುವಾರ ಹೋದಾಗ ಹರಿದಿತ್ತು.

"ಕಸ ಗುಡಿಸೋವಾಗ ಹರಿದಿರತ್ತೆ ಟೀಚರಕ್ಕ," ಅಂದ ಸೀವ್ಯೂ ಹಲ್ಲು ಕಿರಿದು.

"ಪೊರಕೆಗೆ ಸರಿಯಾಗಿ ಬಿರುಕಿನ ಮೇಲೇ ಹರಿಯಕ್ಕೆ ಬರತ್ತಾ?"

"ನಿಮ್ಮ ತಂಗಿ ಕೈಯ ಪೊರಕೆ ಅಲ್ವಾ, ಗೆರೆ ಎಳ್ಕೊಂಡೇ ಗುಡಿಸತ್ತೆ."

ನನಗೆ ಮೈಯೆಲ್ಲ ಉರಿಯಿತು. "ಇಷ್ಟೊಂದು ಬಾತ್‌ರೂಮಿನ ನೀರು ಎಲ್ಲಿಗೆ ಬಿಡ್ತಿದೀಯ?"

"ಹಿಂದೆ ಗುಂಡಿ ತೋಡ್ಸಿದೀನಲ್ಲ."

"ಹಿಂದೆ ಅಂದ್ರೆ ಬಂಡೆ ಅಂಚಿಗೆ! ಕೆಳಗಿಂದ ಕಡಲು ಕೊರೀತಿದೆ, ಮೇಲಿಂದ ನೀನು ಮಣ್ಣು ನೆನೆಸ್ತಿದೀಯ. ಇಬ್ರೂ ಸೇರಿ ಅಮ್ಮನ್ನ ನೀರಿಗೆ ಹಾಕ್ತೀರಿ."

ತಂಗಿ ಟೀ ಲೋಟಗಳನ್ನು ಟೇಬಲ್ಲಿನ ಮೇಲೆ ಕುಕ್ಕಿದಳು. "ಬಂದಾಗಲೆಲ್ಲ ಸಾವಿನ ಸುದ್ದೀನೇ ತರ್ತೀಯಲ್ಲಕ್ಕ. ಒಂದ್ಸಲ ಬಿಸ್ಕತ್ತು ತಂದು ನೋಡು."

ಅವಳಿಗೆ ಉತ್ತರ ಕೊಡುವುದು ದಂಡ ಅನ್ನಿಸಿ ಅಮ್ಮನ ಕಡೆ ತಿರುಗಿದೆ. "ನನ್ನ ಮನೇಲಿ ಕೋಣೆಗಳು ಖಾಲಿ ಬಿದ್ದಿವೆ. ಇವತ್ತೇ ಹೊರಡು."

ಅಮ್ಮ ಕಿಟಕಿಯಾಚೆ ನೋಡುತ್ತ, "ನೋಡೋಣ ಬಿಡು," ಅಂದಳು. ಅವಳು ಹಾಗಂದರೆ ಇಲ್ಲ ಎಂದೇ ಅರ್ಥ.

ನಾನು ಬಿಡುವ ಪೈಕಿ ಅಲ್ಲ. ಪಟ್ಟಣದ ಕಚೇರಿಗೆ ಹೋಗಿ ಎಂಜಿನಿಯರನ್ನು ಹಿಡಿದೆ. ಅವನು ನನ್ನ ಹಳೇ ವಿದ್ಯಾರ್ಥಿ. ನನ್ನನ್ನು ಕಂಡವನೇ ಅಭ್ಯಾಸಬಲದಿಂದ ಎದ್ದು ನಿಂತ. ಬಂದು ಬಿರುಕು ನೋಡಿದ, ಕೆಳಗಿಳಿದು ಗುಳಿ ನೋಡಿದ, ಮುಖ ಬಿಳಿಚಿಕೊಂಡು ಮೇಲೆ ಬಂದ. ಮಳೆಗಾಲಕ್ಕೆ ಮೊದಲೇ ಲಾಡ್ಜಿಗೆ ಬೀಗ ಬಿತ್ತು.

"ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲ! ಒಡಹುಟ್ಟಿದವಳಾ ನೀನು?" ಎಂದು ತಂಗಿ ಬೀದಿಯಲ್ಲೇ ಕೂಗಾಡಿದಳು. ಕೂಗಲಿ. ನಾನು ಅಮ್ಮನಿಗೆಂದು ಟ್ಯಾಕ್ಸಿ ತಂದು ನಿಲ್ಲಿಸಿಕೊಂಡಿದ್ದೆ. ಮನೆಯಲ್ಲಿ ಮಂಚಕ್ಕೆ ಹೊಸ ಹಾಸಿಗೆಯೂ ಬಂದಿತ್ತು. ಅಮ್ಮ ತನ್ನ ಚೀಲ ಹಿಡಿದು ಹೊರಗೆ ಬಂದವಳು ನನ್ನ ಟ್ಯಾಕ್ಸಿಯನ್ನು ದಾಟಿ ಹೋಗಿ, ಅವರ ಸಾಮಾನು ತುಂಬಿದ ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂತಳು. ಟೈರ್ ಅಂಗಡಿಯ ಮಹಡಿಯ ಮೇಲೆ ಅವರು ಹಿಡಿದಿದ್ದುದು ಒಂದೇ ಒಂದು ಕೋಣೆ. ಅಲ್ಲಿ ರಬ್ಬರಿನ ವಾಸನೆಗೆ ನನಗೆ ತಲೆ ಸುತ್ತುತ್ತದೆ.

ಬಂಡೆ ಬೀಳಲಿ, ಆಮೇಲೆ ಗೊತ್ತಾಗುತ್ತದೆ ಅಮ್ಮನಿಗೆ ಅಂದುಕೊಂಡೆ. ಅವತ್ತಿನಿಂದ ಸ್ಕೂಲು ಬಿಟ್ಟ ಕೂಡಲೇ ಬಂಡೆ ನೋಡಲು ಹೋಗುವುದೇ ಕೆಲಸವಾಯಿತು. ಆ ಹಾಳು ಬಂಡೆ ಬೀಳಲಿಲ್ಲ. ಮನೆಯೆತ್ತರದ ಅಲೆಗಳು ಬಂದು ಅಪ್ಪಳಿಸಿದವು, ಆಗಲೂ ಬೀಳಲಿಲ್ಲ. ಸೀವ್ಯೂ ಮಾರ್ಕೆಟ್ಟಿನಲ್ಲಿ ನಾಲ್ಕು ಜನರ ಮುಂದೆ, "ಏನ್ ಟೀಚರಕ್ಕ, ಬಂಡೆ ಇನ್ನೂ ನಿಮ್ಮ ಪಾಠ ಓದಿಲ್ವಂತೆ?" ಎಂದು ಕೇಳಿ ನಗಿಸಿದ. ಮಾರನೆಯ ದಿನ ನಾನು ಅಲ್ಲಿ ನಿಂತು ಬಾಯಿಬಿಟ್ಟು, ಬೀಳು, ಬೀಳೇ ಅಂದೆ. ನನಗೆ ಅದು ಬೀಳಲೇಬೇಕಿತ್ತು.

ಕೊನೆಗೂ ಒಂದು ಬೆಳಿಗ್ಗೆ ಪಾಠದ ನಡುವೆ, ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದಾಯಿತು. ಸೀಮೆಸುಣ್ಣವನ್ನು ಮೇಜಿನ ಮೇಲೆ ಎಸೆದು ಓಡಿದೆ. ಅಮ್ಮನ ಕೋಣೆ ಇರಲಿಲ್ಲ. ಪಕ್ಕದ ಬಾತ್‌ರೂಮು ಅರ್ಧ ಸೀಳಿಹೋಗಿ, ಅದರ ನೀಲಿ ಟೈಲ್ಸು ಕಡಲಿಗೆ ಕಾಣುತ್ತಿತ್ತು. ಕೆಳಗೆ ನೀರೆಲ್ಲ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಹೇಳಿದ್ದಂತೆಯೇ, ಬುಡದಿಂದಲೇ ಹೋಗಿತ್ತು.

ಟೈರ್ ಅಂಗಡಿಯ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿದೆ. ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಸೀವ್ಯೂ ಗೋಡೆಗೆ ಒರಗಿ ಕೂತಿದ್ದ, ತಂಗಿ ಒಲೆಯ ಮುಂದಿದ್ದಳು.

"ಬಿತ್ತು!" ಅಂದೆ. "ಅಮ್ಮನ ಕೋಣೇನೇ ಮೊದಲು ಹೋಯ್ತು. ಉಳಿದಿದ್ದೂ ಇವತ್ತೋ ನಾಳೆಯೋ ಹೋಗತ್ತೆ."

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲಕ್ಕೆ ಕುಸಿದಳು. ಅವರಿಗಿದ್ದ ಆಸ್ತಿಯೆಂದರೆ ಅದೊಂದೇ. ಸೀವ್ಯೂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಯಾರಿಗೂ ಏನೂ ಆಗಿಲ್ಲ ತಾನೆ?" ಅಮ್ಮ ಕೇಳಿದಳು.

"ಆಗಕ್ಕೆ ಅಲ್ಲಿ ಯಾರಿದ್ರು? ನಾನು ಖಾಲಿ ಮಾಡಿಸಿದ್ನಲ್ಲ!"

"ಹೌದು. ನಿನ್ನಿಂದಲೇ ನಾವೆಲ್ಲ ಉಳ್ಕೊಂಡ್ವಿ."

ಆ ಮಾತಿಗಾಗಿ ಎಷ್ಟು ಕಾಲದಿಂದ ಕಾದಿದ್ದೆನೋ. "ಹಾಗಾದ್ರೆ ಈಗಲಾದ್ರೂ ನಮ್ಮನೆಗೆ ಬಾಮ್ಮ."

ಅಮ್ಮ ಮಡಚುತ್ತಿದ್ದ ಬಟ್ಟೆ ಬಿಟ್ಟು ಹೋಗಿ ತಂಗಿಯ ಪಕ್ಕ ಕೂತಳು. ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಬರಲ್ಲ ಮಗಳೇ. ಒಡಹುಟ್ಟಿದವಳ ಮನೆ ಬಿತ್ತು ಅಂತ ಹೇಳಕ್ಕೆ ಬಂದವಳ ಮುಖದಲ್ಲಿ ಇಷ್ಟು ಕಳೆ ಇರಬಾರದು."

ನನ್ನ ಕೈ ತಾನಾಗಿ ಮುಖಕ್ಕೆ ಹೋಯಿತು. ತುಟಿ ಇನ್ನೂ ನಗುತ್ತಲೇ ಇತ್ತು.