ಮೇಲಿನ ಲೋಕದ ಕುರಿ

ಚಳ್ಳಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದ ಮಹಾಂತೇಶ, ತೊಂಬತ್ತಮೂರರ ಪಂಚಾಯ್ತಿ ಎಲೆಕ್ಷನ್ನಿಗೆ ನಮ್ಮ ಹಟ್ಟಿಯಿಂದ ಅವಿರೋಧವಾಗಿ ಆಯ್ಕೆಯಾಗಲು ಬಂದಿಳಿದ. ವರ್ಷಕ್ಕೊಮ್ಮೆ ಮುಖ ತೋರಿಸುವವನಿಗೆ ‘ಬಂದ’ ಎಂದರೆ ಸಾಲದು, ಬಂದಿಳಿದ ಎಂದೇ ಅನ್ನಬೇಕು.

ಅಡ್ಡ ನಿಂತವಳು ಅವನ ಸೋದರತ್ತೆ ಜುಂಜಮ್ಮ. ನಲವತ್ತು ಕುರಿ ಕಾಯುವ ವಿಧವೆ. ಬೋರ್‌ವೆಲ್ ಪಕ್ಕ ಕುರಿಗೊಂದು ನೀರಿನ ತೊಟ್ಟಿ ಬೇಕೆಂದು ನಾಲ್ಕು ವರ್ಷ ಅರ್ಜಿ ಕೊಟ್ಟು ಸಾಕಾಗಿ, ತಾನೇ ಮೆಂಬರಾಗುತ್ತೇನೆ ಅಂದಿದ್ದಳು. ನಾಮಪತ್ರಕ್ಕೆ ಮರುದಿನವೇ ಕೊನೆ. ಆದರೆ ಯಜಮಾನ ಮೂಡಲಗಿರಿಯಪ್ಪ ಹೂಂ ಅನ್ನದೆ ನಮ್ಮ ಹಟ್ಟಿಯಲ್ಲಿ ಯಾರೂ ನಿಲ್ಲುವಂತಿಲ್ಲ.

ಸಂಜೆ ಬೇವಿನ ಮರದಡಿ ಎಲ್ಲರೂ ಕೂತರು. ಮಹಾಂತೇಶ ಗ್ರೀಸ್ ದೇಶದಿಂದ ಶುರು ಮಾಡಿದ. ಅಲ್ಲೊಬ್ಬ ಹಿರಿಯ ಕಂಡುಕೊಂಡಿದ್ದನಂತೆ: ನಾವು ನೋಡುವ ಕುರಿಗಳೆಲ್ಲ ಬರೀ ನೆರಳು, ಹುಟ್ಟದ, ಸಾಯದ ನಿಜವಾದ ಕುರಿ ಮೇಲಿನ ಲೋಕದಲ್ಲಿದೆ. ನ್ಯಾಯವೂ ಹಾಗೆಯೇ. ಆ ನಿಜವನ್ನು ಬುದ್ಧಿಯಿಂದ ಕಂಡವನಷ್ಟೇ ಊರು ಆಳಬೇಕು. ಅಂಥವರ ಆತ್ಮದಲ್ಲಿ ದೇವರು ಚಿನ್ನ ಬೆರೆಸಿರುತ್ತಾನೆ, ಉಳುವವರಲ್ಲಿ, ಕಾಯುವವರಲ್ಲಿ ಕಬ್ಬಿಣ. ಹೆಂಗಸರೂ ಆಳಬಹುದೆಂದು ಅದೇ ಹಿರಿಯ ಹೇಳಿದ್ದನ್ನು ಮಾತ್ರ ನಮ್ಮ ಲೆಕ್ಚರರು ಬಸ್ಸಿನಲ್ಲೇ ಬಿಟ್ಟು ಬಂದಿದ್ದರು. ಮೇಲಿನ ಲೋಕದಲ್ಲಿ ಕುರಿ ಕಟ್ಟಿದವನು ಕೆಳಗೆ ತನಗೊಂದು ಕುರ್ಚಿ ಹಾಕಿಕೊಂಡೇ ಇರುತ್ತಾನೆ.

ಮುದುಕರು ತಲೆದೂಗಿದರು. ತಿಳಿಯದ್ದಕ್ಕೆ ತಲೆದೂಗುವುದು ನಮ್ಮಲ್ಲಿ ಮರ್ಯಾದೆ.

ಜುಂಜಮ್ಮ ಕೇಳಿದಳು, “ಆ ಮ್ಯಾಗ್ಳ ಕುರಿ ಕಿವೀಗೆ ಯಾರ ಗುರುತೈತಪ್ಪ?”

“ಗುರುತಿಲ್ಲತ್ತೆ. ಅದು ಯಾರದ್ದೂ ಅಲ್ಲ.”

“ಹಂಗಾರೆ ಕದ್ದಿದ್ದಿರಬೇಕು. ನೋಡ್ರಿ ಯಜಮಾನ್ರೆ.”

ನಗು ಇಳಿಯುವಷ್ಟರಲ್ಲಿ ಮೇವಿಗೆ ಹೋದ ಕುರಿಗಳು ಧೂಳೆಬ್ಬಿಸಿಕೊಂಡು ಬಂದವು. ಹಗಲೆಲ್ಲ ರೊಪ್ಪದಲ್ಲಿ ಕೂಡಿಟ್ಟಿದ್ದ ಮರಿಗಳು ಅರಚತೊಡಗಿದವು. ಈ ಹೊತ್ತಿನಲ್ಲಿ ಒಂದೊಂದು ಮರಿಯನ್ನೂ ಅದರದರ ತಾಯಿಯ ಕೆಚ್ಚಲಿಗೆ ಬಿಡಬೇಕು. ತಪ್ಪಿದರೆ ತಾಯಿ ಒದೆಯುತ್ತದೆ, ಮರಿ ಉಪವಾಸ. ಹೆಂಗಸರು ಇದನ್ನು ಮಾತಾಡುತ್ತಲೇ ಮಾಡಿ ಮುಗಿಸುತ್ತಾರೆ.

ಮೂಡಲಗಿರಿಯಪ್ಪ ಒಂದು ಮರಿಯನ್ನೆತ್ತಿ ಮಹಾಂತೇಶನ ತೋಳಿಗೆ ಕೊಟ್ಟ. “ಇದು ನಿಮ್ಮಪ್ಪನ ಮರಿ ಕಣಯ್ಯ. ನಿಜವಾದ ಕುರೀನೇ ಕಂಡಿದೀಯ. ಇದರವ್ವನ್ನ ಹುಡುಕು.”

ಚಿನ್ನದ ಆತ್ಮ ಇಸ್ತ್ರಿ ಪ್ಯಾಂಟಿನಲ್ಲಿ ರೊಪ್ಪಕ್ಕಿಳಿಯಿತು. ಮೊದಲನೆಯ ಕುರಿ ಮರಿಯನ್ನು ಮೂಸಿ ಒದೆಯಿತು. ಎರಡನೆಯದು ಮೂಸಲೂ ಇಲ್ಲ, ನೇರ ಅವನ ಮಂಡಿಗೇ ಗುದ್ದಿತು. ಮೂರನೆಯದಕ್ಕೆ ಹೋದಾಗ ಮರಿ ಅವನ ಅಂಗಿಯ ಗುಂಡಿಯನ್ನೇ ಚೀಪುತ್ತಿತ್ತು. ಬದಲಾಗುವ ವಸ್ತುಗಳನ್ನು ತಿಳಿಯುವುದು ಜ್ಞಾನವೇ ಅಲ್ಲ, ಇವೆಲ್ಲ ನೆರಳು ಎಂದು ಅವನು ವಿವರಿಸಿದ. ಆಮೇಲೆ ಮೂರನೆಯದೂ ಒದೆಯಿತು.

ಜುಂಜಮ್ಮ ಮರಿಯನ್ನು ಕಿತ್ತುಕೊಂಡು, ಎರಡು ಹೆಜ್ಜೆ ಸರಿದು, ಒಂದು ಮೋಟುಗಿವಿಯ ಕುರಿಯ ಕೆಳಗೆ ಬಿಟ್ಟಳು. ಮರಿಯ ಬಾಲ ಪಟಪಟ ಅಲ್ಲಾಡಿತು.

“ನೆರಳು ಹಾಲು ಕುಡೀತೈತೆ ನೋಡು,” ಅಂದಳು.

ಮೂಡಲಗಿರಿಯಪ್ಪ ಹೆಂಗಸರು ಆಳಬಹುದು ಅಂತೇನೂ ಅನ್ನಲಿಲ್ಲ. ಅವನ ಬಾಯಲ್ಲಿ ಅದು ಬರುವುದೂ ಇಲ್ಲ. “ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗವ್ವ,” ಎಂದಷ್ಟೇ ಜುಂಜಮ್ಮನಿಗೆ ಹೇಳಿ ಎದ್ದುಹೋದ.

ಮಹಾಂತೇಶನೂ ಕಾಲೇಜಿಗೆ ಹೋಗಬೇಕಾದ್ದು ಅದೇ ಬಸ್ಸಿಗೆ. ಕಿಟಕಿಯಾಚೆ ಬಹಳ ಗಹನವಾದದ್ದೇನೋ ಇರುವಂತೆ ನೋಡುತ್ತ ಕೂತಿದ್ದ. ಜುಂಜಮ್ಮ ಪಕ್ಕದಲ್ಲೇ ಕೂತು ನಾಮಪತ್ರವನ್ನು ಅವನ ತೊಡೆಯ ಮೇಲಿಟ್ಟಳು. “ತುಂಬಿಕೊಡು. ಇದಾದ್ರೂ ಬರ್ತೈತಲ್ಲ?”

ತುಂಬಿದ. ಉದ್ಯೋಗ ಎಂಬಲ್ಲಿ ಪೆನ್ನು ನಿಲ್ಲಿಸಿ, ಏನು ಬರೆಯಲಿ ಎಂದು ಕೇಳಿದ.

“ಕುರಿ ಕಾಯೋದು ಅಂತ ಬರಿ,” ಅಂದಳು ಜುಂಜಮ್ಮ. “ಬೇಕಾರೆ, ಕೆಳಗಿನವು ಅಂತ ಸೇರ್ಸು.”