ಎಡಗಣ್ಣಿನ ತೀರ್ಪು

ಆ ಮನೆಯ ಕತ್ತಲೆ ಕೋಣೆಯಲ್ಲಿ ಈಗ ಕತ್ತಲೆ ಇರಲಿಲ್ಲ. ಕಿಟಕಿಗೆ ಹೊಡೆದಿದ್ದ ಕಪ್ಪು ರಟ್ಟನ್ನು ಕಿತ್ತುಹಾಕಿ, ಫೋಟೋ ಅಚ್ಚು ಹಾಕುವ ಹಳೆಯ ಯಂತ್ರವನ್ನು ಮೂಲೆಗೆ ತಳ್ಳಿ, ಅದರ ಮೇಜಿನ ಮೇಲೆ ಉದ್ದನೆಯ ಇಂಕ್‌ಜೆಟ್ ಪ್ರಿಂಟರ್ ತಂದಿಟ್ಟಿದ್ದರು. ಫೋಟೋಗ್ರಾಫರ್ ಮೇಷ್ಟ್ರು ಅದನ್ನು ಹೆಸರು ಹಿಡಿದು ಕರೆದವರಲ್ಲ. ಒಲ್ಲದ ಅಳಿಯನ ಸುದ್ದಿ ಎತ್ತಿದವರಂತೆ ‘ಅದು’ ಎನ್ನುತ್ತಿದ್ದರು.

ಅವರ ಜೀವಮಾನದ ಕಪ್ಪು-ಬಿಳುಪು ಚಿತ್ರಗಳ ಪ್ರದರ್ಶನ ನಿಗದಿಯಾಗಿತ್ತು. ಹಳೆಯ ಕಾಗದ, ರಾಸಾಯನಿಕ ಸಿಗುವುದು ನಿಂತುಹೋಗಿದ್ದರಿಂದ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ‘ಅದರಲ್ಲೇ’ ಅಚ್ಚು ಹಾಕಬೇಕಿತ್ತು. ಹಾಕುವವರು ಯಾರು? ಮಗಳು ಚಿಕ್ಕಂದಿನಿಂದ ಆ ಕೋಣೆಯಲ್ಲಿ ಅಪ್ಪನ ಪಕ್ಕ ನಿಂತು ರಾಸಾಯನಿಕದ ತಟ್ಟೆ ಅಲ್ಲಾಡಿಸಿದವಳು. ‘ಚೆನ್ನಾಗಿದೆ’ ಎಂಬ ಒಂದು ಮಾತು ಅವರ ಬಾಯಿಂದ ಉದುರಲೆಂದು ಕಾದು ಕಾದು ಅವಳ ತಲೆಯಲ್ಲೇ ಬಿಳಿಕೂದಲು ಬಂದಿತ್ತು. ಇನ್ನೊಬ್ಬ ಶಿಷ್ಯ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ತಲೆಯಾಡಿಸುವ ಅವನಿಗೆ ಅವರ ಹೆಂಡತಿ ಹೌದಪ್ಪ ಎಂದು ನಾಮಕರಣ ಮಾಡಿದ್ದರು.

ಇಬ್ಬರೂ ಒಂದೊಂದು ಸಾಫ್ಟ್‌ವೇರ್ ಆರಿಸಿ ಅಚ್ಚು ಹಾಕಲಿ, ಯಾರದು ಗೆಲ್ಲುತ್ತದೋ ಅವರೇ ಅಚ್ಚುಗಾರರು, ಪ್ರದರ್ಶನದ ಬಾಗಿಲ ಫಲಕದಲ್ಲಿ ತಮ್ಮ ಹೆಸರಿನ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಅವರ ಹೆಸರು, ಎಂದು ಮೇಷ್ಟ್ರು ಘೋಷಿಸಿದರು.

“ಅಷ್ಟೇ ದೊಡ್ಡ ಅಕ್ಷರವಂತೆ!” ಎಂದರು ತಾಯಿ ಮಗಳಿಗೆ. “ನಿಮ್ಮಪ್ಪಂಗೆ ಜ್ವರ ಇದೆಯಾ ನೋಡೇ.”

ಹೌದಪ್ಪನ ಆಯ್ಕೆ ಪ್ರಿಂಟರ್ ಜೊತೆಗೇ ಬಂದ ಸಾಫ್ಟ್‌ವೇರ್. ಬೂದು ಬಣ್ಣ ಬರಿಸಲು ಅದು ಕಪ್ಪಿನೊಂದಿಗೆ ಬಣ್ಣದ ಶಾಯಿಗಳನ್ನೂ ಚಿಟಿಕೆ ಚಿಟಿಕೆ ಬೆರೆಸುತ್ತದೆ. ಪರದೆಯ ಮೇಲೊಂದು ಗುಂಡಿ. ಇತ್ತ ಎಳೆದರೆ ಚಿತ್ರ ಹಳದಿಗೆ ವಾಲುತ್ತದೆ, ಅತ್ತ ಎಳೆದರೆ ನೀಲಿಗೆ. ಮಗಳು ಆರಿಸಿದ್ದು ಯಾರೋ ಒಂಟಿ ಮನುಷ್ಯ ಬರೆದ, ನೋಡಲು ತೆರಿಗೆ ಕಚೇರಿಯ ಅರ್ಜಿಯಂತಿದ್ದ ಬೇರೊಂದನ್ನು. ಅದು ಬಣ್ಣದ ಶಾಯಿಯನ್ನು ಮುಟ್ಟುವುದೇ ಇಲ್ಲ. ಕಪ್ಪು, ಬೂದು, ತಿಳಿಬೂದು, ಮುಗಿಯಿತು. ಆದರೆ ಯಾವ ಕಾಗದಕ್ಕೆ ಯಾವ ಶಾಯಿ ಎಷ್ಟು ಎಂಬ ಹದವನ್ನು ನಾವೇ ಕಂಡುಕೊಳ್ಳಬೇಕು. ಅವಳು ಬೂದು ಪಟ್ಟಿಗಳನ್ನು ಅಚ್ಚು ಹಾಕಿ, ಒಣಗಿಸಿ, ಅಳೆದು, ಹರಿದು ಹಾಕಿ, ಮತ್ತೆ ಹಾಕಿ, ಅಂತೂ ಹದ ಹಿಡಿದಳು.

ಪರೀಕ್ಷೆಗೆ ಒಂದೇ ಚಿತ್ರ. ತಂತಿಯ ಮೇಲೆ ಬಿಳಿಯ ಹೊದಿಕೆ ಹರವುತ್ತಿರುವ ಯುವತಿ, ಅರ್ಧ ಮುಖ ನೆರಳಲ್ಲಿ. ಆ ಯುವತಿ, ಮೇಷ್ಟ್ರ ಹೆಂಡತಿ, ಈಗ ಮಂಡಿನೋವು ಹೊತ್ತುಕೊಂಡು ಬಾಗಿಲಿಗೆ ಒರಗಿ ನಿಂತಿದ್ದರು.

“ನನ್ನನ್ನ ಇನ್ನೂ ಎಷ್ಟು ದಿನ ಒಣಗಿಸ್ತೀರಿ?”

ಮೇಷ್ಟ್ರು ಕಿಟಕಿಯ ಬೆಳಕಿಗೆ ಮಗಳ ಪ್ರತಿಯನ್ನು ಹಿಡಿದರು. “ಹಳದಿ. ಟೀ ಚೆಲ್ಲಿದ ಹಾಗಿದೆ.”

“ಹಳದಿ ಅಲ್ಲ ಅಪ್ಪ, ಹತ್ತಿ ಕಾಗದ, ಒಂಚೂರು ಬೆಚ್ಚಗೆ ಕಾಣತ್ತೆ ಅಷ್ಟೆ. ಅವನದ್ದು ನೋಡಿ, ಬಟ್ಟೆನ ನೀಲಿಲಿ ಅದ್ದಿ ತೆಗೆದ ಹಾಗಿದೆ.”

“ಏನಯ್ಯಾ, ನಿಂಗೆ ನೀಲಿ ಕಾಣತ್ತಾ?”

ಹೌದಪ್ಪ ಚಿತ್ರವನ್ನು ನೋಡಲಿಲ್ಲ, ಮೇಷ್ಟ್ರ ಮುಖ ನೋಡಿದ. “ಎಲ್ಲಿ ಸಾರ್? ಅಪ್ಪಟ ಬೂದು. ಬೇಕಂದ್ರೆ ಇನ್ನೊಂದು ಕೂದಲೆಳೆಯಷ್ಟು ಆ ಕಡೆ ಎಳೀತೀನಿ.”

“ಎಳಿ.”

ಎಳೆದ. ಇನ್ನಷ್ಟು ನೀಲಿಗೆ ವಾಲಿದ ಹೊಸ ಪ್ರತಿಯ ಹೊದಿಕೆ ಮೇಷ್ಟ್ರಿಗೆ ಹಾಲಿನಂತೆ ಬೆಳ್ಳಗೆ ಕಂಡಿತು.

“ಬೂದು ನೋಡ್ತಾನೇ ಮುದಿಯಾದ ಕಣ್ಣು ಇದು, ಇದಕ್ಕೇ ಪಾಠ ಹೇಳ್ತೀಯಾ?” ಎಂದರು ಮಗಳಿಗೆ. “ನಿಂಗೆ ಕಣ್ಣೇ ಇಲ್ಲ ಕಣೇ. ತಟ್ಟೆ ಅಲ್ಲಾಡಿಸೋಕೆ ಕಣ್ಣು ಬೇಕಾಗಿರ್ಲಿಲ್ಲ, ಅದಕ್ಕೇ ಇಷ್ಟು ದಿನ ಗೊತ್ತಾಗ್ಲಿಲ್ಲ.”

ಮಗಳು ತನ್ನ ಪ್ರತಿಯನ್ನು ಎತ್ತಿಕೊಂಡು ಹೊರಗೆ ಹೋದಳು.

“ಇವರ ಬಾಯಿಗೂ ಒಂದು ಗುಂಡಿ ಇದ್ದಿದ್ರೆ ಎಳೀಬಹುದಿತ್ತು,” ಎಂದರು ತಾಯಿ, ಯಾರಿಗೂ ಅಲ್ಲವೆಂಬಂತೆ.

ಚಿತ್ರಗಳೆಲ್ಲ ಹೌದಪ್ಪನ ಕೈಯಲ್ಲಿ ಅಚ್ಚಾಗಿ ಚೌಕಟ್ಟು ಸೇರಿದವು. ಅದೇ ಸುಮಾರಿಗೆ ಮೇಷ್ಟ್ರು ಮೆಟ್ಟಿಲು ಎಡವಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಕಣ್ಣಿನ ಡಾಕ್ಟರು. ಬಲಗಣ್ಣಿನದನ್ನು ಆಗಲೇ ತೆಗೆಯುವುದು, ಎಡಗಣ್ಣಿನದನ್ನು ಪ್ರದರ್ಶನ ಮುಗಿದ ಮೇಲೆ ಎಂದಾಯಿತು. ಪಟ್ಟಿ ಬಿಚ್ಚುವ ದಿನ ಜೊತೆಗೆ ಹೋದವಳು ಮಗಳೇ.

“ಇನ್ಮೇಲೆ ಬಿಳಿ ಬೇರೆ ಥರ ಕಾಣತ್ತೆ, ಗಾಬರಿಯಾಗ್ಬೇಡಿ,” ಎಂದರು ಡಾಕ್ಟರು. “ಪೊರೆ ಹಳದಿಯಾಗಿತ್ತು. ಇಷ್ಟು ವರ್ಷ ಹಳದಿ ಗಾಜಿನ ಹಿಂದೆ ಕೂತು ನೋಡ್ತಿದ್ರಿ. ಸ್ವಲ್ಪ ಸ್ವಲ್ಪವೇ ಆಗೋದ್ರಿಂದ ಯಾರಿಗೂ ಗೊತ್ತಾಗಲ್ಲ.”

ಮೇಷ್ಟ್ರು ಎದ್ದು ಬಾಗಿಲ ಕಡೆ ನಡೆದರು. ಮಾತಾಡಬೇಕಾದವರು ಅಪ್ಪ, ತಾನಲ್ಲ ಎಂದುಕೊಂಡು ಮಗಳು ಮನೆಯವರೆಗೂ ಕಾದಳು. ಕಾಯುವುದು ಅವಳಿಗೆ ರೂಢಿಯಾಗಿತ್ತು.

ಪ್ರದರ್ಶನ ತೆರೆದ ದಿನ ಬಾಗಿಲ ಫಲಕದಲ್ಲಿ ಮೇಷ್ಟ್ರ ಹೆಸರು ಅಂಗೈ ಎತ್ತರ, ಹೌದಪ್ಪನದು ಇರುವೆಯಷ್ಟು. ಅವನು ಅದಕ್ಕೂ ಹೌದು ಎಂದಿದ್ದ. ಒಳಗೆ ಗೋಡೆ ತುಂಬಾ ನೀಲಿ ಮುಖಗಳು. ಪತ್ರಿಕೆಯವನೊಬ್ಬ “ಇಳಿವಯಸ್ಸಿನ ತಣ್ಣನೆ ದೃಷ್ಟಿ” ಎಂದು ಗೀಚಿಕೊಳ್ಳುತ್ತಿದ್ದ.

ಮೇಷ್ಟ್ರು ಹೊದಿಕೆಯ ಚಿತ್ರದ ಮುಂದೆ ನಿಂತರು. ಮಗಳು ಹಿಂದೆ ಬಂದು ನಿಂತಳು. ಅವರು ಅಂಗೈಯಿಂದ ಎಡಗಣ್ಣು ಮುಚ್ಚಿ, ಹೊಸ ಕಣ್ಣಿನಿಂದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈ ನಿಧಾನವಾಗಿ ಜರುಗಿ ಬಲಗಣ್ಣನ್ನು ಮುಚ್ಚಿತು.

“ಅಪ್ಪ?” ಎಂದಳು.

ಅವರು ತಿರುಗಿದರು; ಕೈ ಇನ್ನೂ ಬಲಗಣ್ಣಿನ ಮೇಲೇ ಇತ್ತು. ಅವಳು ಎಲ್ಲವನ್ನೂ ನೋಡಿದ್ದಾಳೆಂದು ತಿಳಿಯಲು ಒಂದು ಕಣ್ಣು ಸಾಕಾಯಿತು. ಹೌದಪ್ಪ ಪಕ್ಕದಲ್ಲೇ ಇದ್ದ. ಮೇಷ್ಟ್ರು ಅವನ ಭುಜ ತಟ್ಟಿ, ಮಗಳಿಗೆ ಕೇಳುವಂತೆ, “ಚೆನ್ನಾಗಿದೆ,” ಎಂದರು.

ಮರುದಿನ ತಾಯಿ ಮಗಳ ಪ್ರತಿಯನ್ನು ಕೇಳಿ ತೆಗೆದುಕೊಂಡು ಊಟದ ಮೇಜಿನ ಎದುರಿನ ಗೋಡೆಗೆ ಹಾಕಿದರು. ಅಂದಿನಿಂದ ಮೇಷ್ಟ್ರು ಬಲಗಣ್ಣು ಮುಚ್ಚಿಕೊಂಡೇ ಉಣ್ಣುತ್ತಾರೆ. ಹಾಗೆ ಉಣ್ಣುತ್ತಿದ್ದಾಗಲೇ ಆಸ್ಪತ್ರೆಯಿಂದ ಫೋನ್ ಬಂತು. ಎಡಗಣ್ಣಿಗೆ ದಿನ ಗೊತ್ತು ಮಾಡೋಣವೇ ಎಂದು ಡಾಕ್ಟರು ಕೇಳುತ್ತಿದ್ದರು. ಮಗಳು ಫೋನಿಗೆ ಕೈ ಅಡ್ಡ ಹಿಡಿದು ಅಪ್ಪನ ಕಡೆ ನೋಡಿದಳು. ಅವರು ತುತ್ತು ನುಂಗಿ, ತಟ್ಟೆಯಿಂದ ತಲೆಯೆತ್ತದೆ ಏನೋ ಹೇಳಿದರು.

ಅವಳು ಕೈ ತೆಗೆದಳು.

“ಬೇಡವಂತೆ ಡಾಕ್ಟ್ರೇ. ಎಡಗಣ್ಣು ಸರಿಯಾಗಿದೆಯಂತೆ. ನೀವು ಕೆಡಿಸಿದ್ದು ಬಲಗಣ್ಣಂತೆ. ಆ ಪೊರೆ ವಾಪಸ್ ಹಾಕೋಕಾಗತ್ತಾ ಅಂತ ಕೇಳ್ತಿದ್ದಾರೆ.”