ತುಕ್ಕಿನ ಕಲೆಗೆ ಹಾಕಬಾರದು

“ಈ ಚೀಟಿ ಅಂಟಿಸಿದ್ದು ಯಾರು?” ಯಜಮಾನಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಷರ್ಟುಗಳ ಕಾಲರ್ ಉಜ್ಜುತ್ತಿದ್ದ ಹುಡುಗಿ ಬ್ರಷ್ ಕೆಳಗಿಟ್ಟಳು. ಅಂಟಿಸಿದ್ದು ಅವಳೇ. ಹಿಂದಿನ ದಿನ ಕೆಲಸ ಮುಗಿದ ಮೇಲೆ ಸುಮ್ಮನೆ ಕೂರಲಾರದೆ ಕಲೆ ತೆಗೆಯುವ ಒಂಬತ್ತು ಬಾಟಲಿಗಳಿಗೂ ಅಂಟಿಸಿಬಿಟ್ಟಿದ್ದಳು. ಅಲ್ಲಿಯವರೆಗೆ ಅವಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಗಿಡ್ಡದು, ನೀಲಿ ಮುಚ್ಚಳದ್ದು, ವಾಸನೆಯದು ಎಂದರೆ ಕೆಲಸ ನಡೆಯುತ್ತಿತ್ತು. ಐದು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಕಳೆದವಳಿಗೆ ಹೆಸರಿಲ್ಲದ ಬಾಟಲಿ ಕಂಡರೆ ಕೈ ತುರಿಸುತ್ತದೆ. ಒಳಗಿರುವುದೇನು, ಎಷ್ಟು ಗಾಢ, ಕಲಸಿದ್ದು ಯಾವತ್ತು, ಎಲ್ಲಾ ಬರೆದು ಮೂಲೆಯಲ್ಲಿ ಒಂದು ಪುಟ್ಟ ಸಹಿ. ಸಹಿ ಬೇರೆ! ಕಳ್ಳತನ ಮಾಡಿ ವಿಳಾಸ ಬಿಟ್ಟು ಬಂದ ಹಾಗೆ.

ಯಾಕೆಂದರೆ ಈ ಅಂಗಡಿಯ ಮಟ್ಟಿಗೆ ಅವಳು ಓದಿದ್ದು ಹತ್ತನೇ ಕ್ಲಾಸು.

ನಿಜದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಕಾರ್ಖಾನೆಗಳಲ್ಲಿ “ಅನುಭವ ಇದ್ಯಾ?” ಅಂದರು, ಇರಲಿಲ್ಲ. ಅನುಭವ ಕೇಳದ ಬಟ್ಟೆ ಅಂಗಡಿ, ಔಷಧಿ ಅಂಗಡಿಯವರು “ಇಷ್ಟು ಓದಿದೀಯ, ಎಷ್ಟು ದಿನ ಇರ್ತೀಯಮ್ಮಾ?” ಎಂದು ನಕ್ಕು ಕಳಿಸಿದರು. ಅತ್ತ ಓದು ಸಾಲದು, ಇತ್ತ ಓದು ಹೆಚ್ಚು. ಮನೆಯಲ್ಲಿ ಗೋಡೆ ನೋಡುತ್ತ ಕೂತು ಕೂತು, ತಾನು ಯಾವುದಕ್ಕೂ ಬಾರದವಳು ಎಂದು ಅವಳಿಗೇ ಅನ್ನಿಸತೊಡಗಿದ್ದಾಗ ಲಾಂಡ್ರಿಯ ಬಾಗಿಲಲ್ಲಿ ‘ಕೆಲಸಕ್ಕೆ ಜನ ಬೇಕು’ ಎಂಬ ಹಲಗೆ ಕಂಡಿತು. ಒಳಗೆ ಹೋಗಿ ಸುಳ್ಳು ಹೇಳಿದಳು. ಮೂರು ತಿಂಗಳಿಂದ ಹೊತ್ತಿಗೆ ಸರಿಯಾಗಿ ಹಸಿವು, ಮಲಗಿದ ಕೂಡಲೇ ನಿದ್ದೆ. ಇದೂ ಹೋದರೆ ಮತ್ತೆ ಅದೇ ಗೋಡೆ.

“ನಾನೇ ಅಮ್ಮಾ,” ಅಂದಳು.

“ಏನಿದು, ‘ತುಕ್ಕಿನ ಕಲೆಗೆ ಹಾಕಬಾರದು’? ಇಪ್ಪತ್ತು ವರ್ಷದಿಂದ ತುಕ್ಕಿಗೆ ನಾವು ಇದನ್ನೇ ಹಾಕ್ತಿರೋದು.”

“ಇಪ್ಪತ್ತು ವರ್ಷದಿಂದ ತುಕ್ಕು ಹೋಗೇ ಇಲ್ಲ,” ಎಂದ ಇಸ್ತ್ರಿ ಮಾಮ, ತಲೆಯೆತ್ತದೆ. ಅಂಗಡಿ ಶುರುವಾದಾಗಿನಿಂದ ಅದೇ ಮೇಜಿನ ಹಿಂದೆ ನಿಂತವನು. ಯಜಮಾನಿಗೆ ಎದುರಾಡುವ ಹಕ್ಕು ಅವನೊಬ್ಬನಿಗೇ ಇತ್ತು.

ತಪ್ಪಾಯ್ತು, ಕಿತ್ತು ಹಾಕ್ತೀನಿ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿಗೆ ಗಿರಾಕಿಯೊಬ್ಬರ ಬಿಳಿ ಷರ್ಟು ಹರಡಿತ್ತು, ಹೆಗಲ ಮೇಲೆ ಮೊಳೆಯ ತುಕ್ಕು. ಯಜಮಾನಿ ಆಗಲೇ ಮುಚ್ಚಳ ತಿರುಗಿಸುತ್ತಿದ್ದರು.

“ಬೇಡಮ್ಮಾ! ಬ್ಲೀಚ್ ಬಿದ್ರೆ ಅದು ಇನ್ನೂ ಕಚ್ಕೊಳ್ಳುತ್ತೆ. ತುಕ್ಕಿಗೆ ಆಕ್ಸಾಲಿಕ್ ಆಸಿಡ್ ಬೇಕು. ತೊಟ್ಟಿ ತೊಳೆಯೋಕೆ ಇಟ್ಟಿದೀರಲ್ಲ, ಆ ಬಿಳಿ ಪುಡಿ.”

“ತೊಟ್ಟಿ ತೊಳೆಯೋ ಪುಡೀನ ಗಿರಾಕಿ ಷರ್ಟಿಗಾ?”

“ತೆಳ್ಳಗೆ ಕಲಸ್ತೀನಿ. ಮೊದ್ಲು ಅಂಚಿನ ಒಳಗಡೆ ಹಾಕಿ ನೋಡೋಣ.”

ಅವಳು ಗವಸು ತೊಟ್ಟು, ನೀರಿಗೆ ಪುಡಿ ಹಾಕಿ ಕಲಕಿದಳು. ಅಂಚಿಗೆ ಏನೂ ಆಗಲಿಲ್ಲ. ಆಮೇಲೆ ಕಲೆಯ ಮೇಲೆ ತೊಟ್ಟು ತೊಟ್ಟಾಗಿ ಬಿಟ್ಟಳು. ಕಂದು ಬಣ್ಣ ಹಳದಿಯಾಯಿತು, ಹಳದಿ ಮಾಸಿತು. ಎರಡು ಸಲ ಜಾಲಿಸಿ ನೋಡಿದರೆ ಕಲೆ ಇದ್ದದ್ದು ಯಾವ ಹೆಗಲೆಂದು ಹುಡುಕಬೇಕಿತ್ತು. ಇಸ್ತ್ರಿ ಮಾಮ ಪೆಟ್ಟಿಗೆ ಪಕ್ಕಕ್ಕಿಟ್ಟು ನೋಡಲು ಬಂದು ಮುಗುಳ್ನಕ್ಕ. ಯಜಮಾನಿ ಮಾತ್ರ ನಗಲಿಲ್ಲ.

“ಹತ್ತನೇ ಕ್ಲಾಸಲ್ಲಿ ಇದನ್ನೆಲ್ಲ ಹೇಳ್ಕೊಡ್ತಾರಾ?”

“ಇಲ್ಲಮ್ಮಾ. ಎಂ.ಎಸ್ಸಿ. ಮಾಡಿದೀನಿ.”

ಯಜಮಾನಿ ಸ್ಟೂಲಿನ ಮೇಲೆ ಕೂತರು. “ನಿನಗಿಂತ ಮುಂಚೆ ಇಬ್ಬರು ಓದಿದೋರು ಇದ್ರು. ಊಟಕ್ಕೆ ಅಂತ ಹೋದೋನು ಇನ್ನೂ ಊಟ ಮಾಡ್ತಾನೇ ಇದಾನೆ. ಇನ್ನೊಬ್ಬಳು ಅಜ್ಜಿ ತೀರ್ಕೊಂಡ್ರು ಅಂದ್ಲು. ಮಾರನೇ ವಾರ ನೋಡಿದ್ರೆ ಬ್ಯಾಂಕಲ್ಲಿ ಕೂತಿದ್ಲು. ಹೋಗೋದು ತಪ್ಪಲ್ಲ ಕಣೇ. ಹೇಳದೆ ಹೋದ್ರೆ, ಒಪ್ಕೊಂಡಿರೋ ಬಟ್ಟೇನ ನಾನು ಯಾರ ಕೈಲಿ ಒಗೆಸ್ಲಿ? ಇನ್ನೇನು ಮುಚ್ಚಿಟ್ಟಿದೀಯ? ಎಲ್ಲಾ ಒಂದೇ ಸಲ ಹೇಳ್ಬಿಡು.”

ಹುಡುಗಿ ಗವಸು ಕಳಚಿದಳು. “ನಾಳಿದ್ದು ಇಂಟರ್‌ವ್ಯೂ ಇದೆ. ಔಷಧಿ ಕಾರ್ಖಾನೆಯ ಲ್ಯಾಬಲ್ಲಿ. ನಿಮ್ಮತ್ರ ಹೊಟ್ಟೆನೋವು ಅಂತ ಹೇಳೋಣ ಅಂದ್ಕೊಂಡಿದ್ದೆ.”

ಇಸ್ತ್ರಿ ಮಾಮ ಗೊಳ್ಳೆಂದು ನಕ್ಕುಬಿಟ್ಟ. “ಸದ್ಯ, ಯಾರೂ ತೀರ್ಕೊಳ್ಲಿಲ್ಲ!”

ಯಜಮಾನಿಯ ತುಟಿಯೂ ಅಷ್ಟರಲ್ಲಿ ಸಡಿಲವಾಗಿತ್ತು. “ಹೋಗ್ಬಾ. ಅನುಭವ ಇದ್ಯಾ ಅಂದ್ರೆ, ಮೂರು ತಿಂಗಳಿಂದ ಕಲೆ ತೆಗೀತಿದೀನಿ ಅನ್ನು. ನಂಬದಿದ್ರೆ ನನಗೆ ಫೋನ್ ಮಾಡ್ಲಿ. ಸಿಕ್ತು ಅಂದ್ರೆ ಹದಿನೈದು ದಿನ ಮುಂಚೆ ಹೇಳಿ, ಈ ಮಾಮಂಗೆ ಇದೆಲ್ಲ ಕಲಿಸಿ ಹೋಗು. ಸಿಗ್ಲಿಲ್ವಾ, ಇನ್ಮೇಲೆ ಕಲೆ ಕೆಲಸ ಪೂರ್ತಿ ನಿಂದು.”

“ನನಗೆ ಕಲಿಸೋಕೆ ಹದಿನೈದು ದಿನ ಎಲ್ಲಿ ಸಾಕು?” ಎಂದ ಮಾಮ.

ಹುಡುಗಿಗೆ ಅಳು ಬಂತು. ಬೈದಿದ್ದರೆ ಬರುತ್ತಿರಲಿಲ್ಲ.

“ಹಾಕ್ಕೊಂಡು ಹೋಗೋಕೆ ಏನಿದೆ?” ಯಜಮಾನಿ ಕೇಳಿದರು.

“ಒಂದು ನೀಲಿ ಅಂಗಿ ಇದೆ. ಮಡಿಸಿಟ್ಟು ಗೆರೆ ಬಿದ್ದಿದೆ.”

“ನಾಳೆ ತಗೊಂಡ್ಬಾ.”

ಮರುದಿನ ಸಂಜೆ ಅಂಗಿ ಗಿರಾಕಿಗಳ ಬಟ್ಟೆಗಳ ಸಾಲಿನಲ್ಲೇ ತೂಗುತ್ತಿತ್ತು, ತೋಳುಗಳು ಗೆರೆ ಹೊಡೆದಂತೆ ನೆಟ್ಟಗೆ. ಆ ಅಂಗಡಿಯಲ್ಲಿ ಪ್ರತಿ ಬಟ್ಟೆಯ ಕಾಲರಿಗೂ ಗಿರಾಕಿಯ ಹೆಸರು ಬರೆದ ಪಟ್ಟಿಯೊಂದನ್ನು ಪಿನ್ನು ಮಾಡುವುದು ವಾಡಿಕೆ. ಇದಕ್ಕೂ ಇತ್ತು. ಹೆಸರಿನ ಜಾಗದಲ್ಲಿ ಯಜಮಾನಿಯ ಗುಂಡು ಅಕ್ಷರ: ‘ಮನೆಯದು’.

ಅವಳು ಪಟ್ಟಿ ಬಿಚ್ಚಲಿಲ್ಲ. ಹ್ಯಾಂಗರ್ ಸಮೇತ ಅಂಗಿ ತೆಗೆದುಕೊಂಡು ಬೀದಿಗಿಳಿದಳು. ಎಲ್ಲರೂ ಕೆಲಸ ಬಿಟ್ಟು ಮನೆಗೆ ಹೊರಟ ಹೊತ್ತು, ಕಾಲಿಡಲು ಜಾಗವಿರಲಿಲ್ಲ. ಯಾರ ಮೈಯೂ ತಾಗದಂತೆ ಹ್ಯಾಂಗರನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ಜನರ ನಡುವೆ ದಾರಿ ಮಾಡಿಕೊಳ್ಳುತ್ತ ನಡೆದಳು.